ಹಿಪ್ಪುನೇರಳೆ ಎಲೆಯ ಮೇಲಿನ ದೂಳು

ನಮ್ಮ ರೇಷ್ಮೆ ಸೀಮೆಯ ಒಂದೂರಿನಲ್ಲಿ ಕೆಂಚೀರಯ್ಯ ಎಂಬ ಸಾಹುಕಾರನಿದ್ದ. ನೂಲು ತೆಗೆಯುವ ಕಾರ್ಖಾನೆ ಅವನದು. ಸುತ್ತಲಿನ ಹೆಂಗಸರು ಹಿಪ್ಪುನೇರಳೆ ಸೊಪ್ಪು ಹಾಕಿ, ಹುಳು ಸಾಕಿ, ಗೂಡು ತಂದು ಕೊಡುತ್ತಿದ್ದರು. ಐವತ್ತು ಮನೆಯ ಒಲೆ ಅದರಿಂದ ಉರಿಯುತ್ತಿತ್ತು. ಸಾಲದೇ? ಸಾಲಲಿಲ್ಲ ನೋಡಿ! ತೋಟಗಳ ಹಿಂದೆ ಗುಡ್ಡವಿದೆ, ಗುಡ್ಡದಲ್ಲಿ ಕಲ್ಲಿದೆ, ಕಲ್ಲಿನಲ್ಲಿ ಇನ್ನೂ ಹೆಚ್ಚು ಲಾಭವಿದೆ ಎಂದು ಜಲ್ಲಿ ಕ್ರಷರ್ ಹಾಕಿಸಿದ.

ದೂಳು ಎದ್ದಿತು. ಎಲೆಯ ಮೇಲೆ ಕೂತಿತು. ಹುಳುಗಳು ಎಲೆ ಮುಟ್ಟಲಿಲ್ಲ. ಹುಳು ಸಾಕುವ ಪುಟ್ಟಸಿದ್ದಮ್ಮ ಹೋಗಿ ಹೇಳಿದಳು. ತೊಳೆದು ಹಾಕು ಎಂದ ಸಾಹುಕಾರ. ಒದ್ದೆ ಎಲೆ ತಿಂದರೆ ಹುಳುವಿಗೆ ರೋಗ ಬರುತ್ತದೆ ಎಂದಳು. ಹಾಗಾದರೆ ಬೇರೆ ಕೆಲಸ ನೋಡಿಕೋ ಎಂದು ಕಳಿಸಿಬಿಟ್ಟ.

ಯಾರಿಗೆ ಹೇಳಿದ ಆ ಮಾತು? ತನಗೇ ಹೇಳಿಕೊಂಡ! ಎರಡು ಬೆಳೆ ಹೋಯಿತು. ದೂರದಿಂದ ಗೂಡು ತರಿಸಿದ; ದಾರಿಯಲ್ಲೇ ಕೆಟ್ಟವು. ಕಾರ್ಖಾನೆಯಲ್ಲಿ ಗೂಡು ಬೇಯಿಸುವ ಬಿಸಿನೀರಿನ ತೊಟ್ಟಿಗಳು ತಣ್ಣಗಾದವು. ಕೆಲಸದವರು ಒಬ್ಬೊಬ್ಬರಾಗಿ ಊರು ಬಿಟ್ಟರು. ಜಲ್ಲಿಯಿಂದ ಬಂದದ್ದು ಈ ತೂತು ಮುಚ್ಚಲಿಲ್ಲ.

ಕೊನೆಗೆ ಸಾಹುಕಾರನೇ ಪುಟ್ಟಸಿದ್ದಮ್ಮನ ಬಾಗಿಲಿಗೆ ಬಂದ. ಎಷ್ಟು ಬೆಲೆಯಾದರೂ ಸರಿ, ಗೂಡು ಕೊಡು ಎಂದ. ಅವಳು ಬೈಯಲಿಲ್ಲ. ತೋಟದಿಂದ ಒಂದು ಎಲೆ ಕಿತ್ತು ಅವನ ಕೈಗಿಟ್ಟಳು.

“ಒಂದ್ಸಲ ಅಗ್ದು ನೋಡಿ ಸಾಮಿ.”

ಅಗಿದ. ಹಲ್ಲಿನಡಿ ಕಲ್ಲುಪುಡಿ ಕರಕರ ಎಂದಿತು. ಮುಖ ತಿರುಗಿಸಿ ಉಗುಳಿದ.

“ನೀವು ಉಗುಳ್ಬುಟ್ರಿ. ನನ್ ಹುಳ ಏನ್ ಮಾಡ್ಬೇಕು?”

ಆ ಮಾತು ಎದೆಗೆ ನಾಟಿತು. ಮರುದಿನವೇ ಕ್ರಷರ್ ನಿಂತಿತು. ಮಳೆ ಬಂದು ತೋಟ ತೊಳೆಯಿತು, ಹೊಸ ಚಿಗುರು ಒಡೆಯಿತು. ಪುಟ್ಟಸಿದ್ದಮ್ಮ ಎಲೆ ಹರಡಿದಳು ನೋಡಿ, ಹುಳುಗಳು ಸರಸರನೆ ಮೇಯತೊಡಗಿದವು! ಸಾಹುಕಾರ ಹುಳು ಸಾಕುವ ತಟ್ಟೆಯ ಪಕ್ಕ ಕೂತು ಆ ಸದ್ದು ಕೇಳುತ್ತ ಕಣ್ಣೊರೆಸಿಕೊಂಡ. ತೊಟ್ಟಿಗಳು ಮತ್ತೆ ಕುದಿದವು. ಆದರೆ ಊರು ಬಿಟ್ಟವರಲ್ಲಿ ಅರ್ಧ ಜನ ಮಾತ್ರ ತಿರುಗಿ ಬಂದರು.

ನಗುತ್ತಿದ್ದೀರಾ? ಅವನನ್ನು ನೋಡಿ ನಗಬೇಡಿ. ಅಕ್ಕಿ ಗಿರಣಿಯವರೇ, ಬೂದಿಯನ್ನು ಯಾವ ನಾಲೆಗೆ ಸುರಿಯುತ್ತಿದ್ದೀರಿ? ನಿಮ್ಮ ಗಿರಣಿಗೆ ಭತ್ತ ಬರುವುದು ಅದೇ ನಾಲೆಯ ನೀರಿನಿಂದಲ್ಲವೇ? ಹೋಟೆಲಿನವರೇ, ಜಿಡ್ಡನ್ನೆಲ್ಲ ಕೆರೆಗೆ ಬಿಟ್ಟು ಕುಡಿಯುವ ನೀರನ್ನು ಯಾರ ಊರಿನಿಂದ ತರಿಸುತ್ತೀರಿ? ಲಾಭ ಹುಟ್ಟುವುದು ನೀರಿನಲ್ಲಿ, ಮಣ್ಣಿನಲ್ಲಿ, ಎಲೆಯಲ್ಲಿ. ಅಂಗಡಿಗೆ ಬರುವುದು ಆಮೇಲೆ. ನಾಳೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲು ಹಿತ್ತಲಿಗೆ ಹೋಗಿ. ನಿಮ್ಮ ಕೊಳೆ ಹರಿಯುವ ದಾರಿಯಲ್ಲೇ ನಡೆಯಿರಿ. ಅದು ಯಾರ ಹೊಲ, ಯಾರ ಬಾವಿ ಮುಟ್ಟುತ್ತದೆ ಎಂದು ಕಣ್ಣಾರೆ ನೋಡಿ, ಅಂದೇ ಕಟ್ಟೆ ಹಾಕಿ ತಡೆಯಿರಿ. ಆಮೇಲೆ ಬಂದು ದೀಪ ಹಚ್ಚಿ, ವ್ಯಾಪಾರ ಶುರುಮಾಡಿ.