ಗಂಟೆ ಬಾರಿಸುವವಳ ಬಿ.ಎ.

ಆಡಳಿತ ಮಂಡಳಿಯ ಅಧ್ಯಕ್ಷರಾದ ರಾಮಲಿಂಗಪ್ಪನವರೇ, ನಮ್ಮ ಪ್ರಾಚಾರ್ಯರಾದ ಕೃಷ್ಣಾಜಿ ಸರ್ ಅವರೇ, ಧಾರವಾಡದಿಂದ ದಯಮಾಡಿಸಿ ಇನ್ನೂ ಚಹಾ ಸಿಗದೆ ಕುಳಿತಿರುವ ಮುಖ್ಯ ಅತಿಥಿಗಳೇ, ಅಧ್ಯಾಪಕರೇ, ವಿದ್ಯಾರ್ಥಿಗಳೇ, ಬೈಲಹೊಂಗಲದ ಸಮಸ್ತ ಸಭಿಕರೇ,

ಅತಿಥಿಗಳು ಕ್ಷಮಿಸಬೇಕು. ಚಹಾ ಮಾಡುವವಳು ಮೈಕಿನ ಮುಂದೆ ನಿಂತಿದ್ದಾಳೆ.

ಈ ವೇದಿಕೆಯ ಕುರ್ಚಿಗಳನ್ನು ಬೆಳಿಗ್ಗೆ ನಾನೇ ಹಾಕಿದೆ. ಏಳು ಕುರ್ಚಿ ಹಾಕು ಎಂದರು, ಏಳು ಹಾಕಿದೆ. ಇವತ್ತು ಸನ್ಮಾನ ನನಗೇ ಎಂಬುದು ಹೇಳಿದವರಿಗೂ ನೆನಪಿರಲಿಲ್ಲ, ಹಾಕಿದವಳಿಗೂ ನೆನಪಿರಲಿಲ್ಲ. ಅದಕ್ಕೇ ಒಂದು ಗಂಟೆಯಿಂದ ಪರದೆಯ ಪಕ್ಕ ನಿಂತಿದ್ದೆ. ಬೇಸರವಿಲ್ಲ, ನನ್ನ ಕಾಲುಗಳಿಗೆ ರೂಢಿಯಿದೆ. ಹೊದಿಸಿದ ಶಾಲಿಗೂ ಕೃತಜ್ಞಳು. ಈ ಶಾಲು ನನಗೆ ಹೊಸದೇನಲ್ಲ. ಹನ್ನೊಂದು ಮಂದಿ ಗಣ್ಯರ ಹೆಗಲ ಮೇಲಿಂದ ಇಳಿದಿದೆ. ಕಾರ್ಯಕ್ರಮ ಮುಗಿದ ಮೇಲೆ ಅವರು ಕಾರು ಹತ್ತುವ ಗಡಿಬಿಡಿಯಲ್ಲಿ ಇದನ್ನು ಉಪಾಯದಿಂದ ಇಸಿದುಕೊಂಡು, ಮಡಿಚಿ, ಕಪಾಟಿನಲ್ಲಿ ಇಡುವವಳು ನಾನೇ. ಇವತ್ತು ನನ್ನಿಂದ ನಾನೇ ಇಸಿದುಕೊಳ್ಳಬೇಕು.

ನಿರೂಪಕಿ ಹೇಳಿದಳು, ಕಲಿಯಲು ವಯಸ್ಸಿನ ಮಿತಿ ಇಲ್ಲ ಎಂದು. ಎಷ್ಟು ಚೆಂದದ ಮಾತು! ನೀವು ಚಪ್ಪಾಳೆಯನ್ನೂ ತಟ್ಟಿದಿರಿ. ಮೂರು ವರ್ಷದ ಹಿಂದೆ ನಾನು ಬಿ.ಎ. ಪರೀಕ್ಷೆಯ ಅರ್ಜಿ ತುಂಬಿದಾಗ ಇದೇ ಸ್ಟಾಫ್ ರೂಮಿನಲ್ಲಿ ಕೇಳಿದ ಮಾತು ಬೇರೆ ಇತ್ತು: "ಯಶೋಧಾ, ಈ ವಯಸ್ಸಿನಾಗ ಕಲತು ಯಾವ ರಾಜ್ಯಾ ಆಳಾಕಿ ಅದಿ? ಮೊದಲ ಬೋರ್ಡ್ ಒರಸು." ಹೇಳಿದವರು ಮೊದಲ ಸಾಲಿನಲ್ಲಿದ್ದಾರೆ. ಹೆಸರು ಹೇಳುವುದಿಲ್ಲ. ಅವರು ಈಗ ಕರವಸ್ತ್ರ ತೆಗೆದರು.

ನಾನು ಹೊಸದಾಗಿ ಕಾಲೇಜಿಗೆ ಬಂದವಳಲ್ಲ, ಸಭಿಕರೇ. ಇದೇ ಕಾಲೇಜಿನಲ್ಲಿ ಬಿ.ಎ. ಎರಡು ವರ್ಷ ಮುಗಿಸಿದ್ದೆ. ಇಲ್ಲೇ ಗಂಟೆ ಬಾರಿಸುವ ಸಿಪಾಯಿಯಾಗಿದ್ದ ನಮ್ಮಪ್ಪ ತೀರಿಕೊಂಡ. ಅವನ ಜಾಗದಲ್ಲಿ ನನ್ನನ್ನು ತೆಗೆದುಕೊಂಡರು. ಅಂದಿನ ಪ್ರಾಚಾರ್ಯರು ನಮ್ಮವ್ವ ಕೆಂಪವ್ವನಿಗೆ ಹೇಳಿದರು: "ಒಂದ ವರ್ಷ ಕೆಲಸಾ ಮಾಡ್ಲಿ ಬಿಡವ್ವಾ, ಆಮ್ಯಾಲೆ ಡಿಗ್ರಿ ಮುಗಸ್ತಾಳ." ಆ ಒಂದು ವರ್ಷ ಮುಗಿಯಲು ಇಪ್ಪತ್ತೇಳು ವರ್ಷ ಹಿಡಿಯಿತು.

ಆಗಿನ ನಮ್ಮ ತರಗತಿಯಲ್ಲಿ ಎಂಥೆಂಥ ಜಾಣರಿದ್ದರು! ಕಿಟಕಿಯ ಪಕ್ಕದ ಬೆಂಚಿನ ಹುಡುಗನೊಬ್ಬ ಪ್ರತಿ ಶನಿವಾರ ಬಂದು ಕೇಳುತ್ತಿದ್ದ: "ಯಶೋಧಾ ಅವರ, ಇತಿಹಾಸದ ನೋಟ್ಸ್ ಒಂದೀಟು ಕೊಡ್ರೆಲಾ." ಅವರ ಎಂದು, ಕೊಡ್ರೆಲಾ ಎಂದು. ನಾನು ಕೊಡುತ್ತಿದ್ದೆ. ಆ ಹುಡುಗ ಮುಂದೆ ಎಂ.ಎ. ಮಾಡಿದರು, ಇಲ್ಲಿಗೇ ಪಾಠ ಹೇಳಲು ಬಂದರು, ಪ್ರಾಚಾರ್ಯರಾದರು. ಈಗಲೂ ನನ್ನನ್ನು ಹೆಸರು ಹಿಡಿದೇ ಕರೆಯುತ್ತಾರೆ: "ಯಶೋಧಾ, ಚಹಾ." ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಬಾಯಿಗೆ ಬಂತು, ಹೇಳಿಬಿಟ್ಟೆ.

ಇನ್ನು ನನ್ನ ಪರೀಕ್ಷೆ. ಹೋದ ವರ್ಷ ಕೊನೆಯ ಪತ್ರಿಕೆ, ಇತಿಹಾಸ. ಬಾಹ್ಯ ವಿದ್ಯಾರ್ಥಿನಿಯಾಗಿ ನಮ್ಮದೇ ಹಾಲಿನಲ್ಲಿ ಕುಳಿತಿದ್ದೆ. ನನ್ನ ಬದಲು ಗಂಟೆ ಬಾರಿಸಬೇಕಿದ್ದ ಅರ್ಜುನ ತಂಗಿಯ ಮದುವೆಗೆಂದು ರಾಮದುರ್ಗಕ್ಕೆ ಹೋಗಿದ್ದ. ಇನ್ನು ಅರ್ಧ ತಾಸು ಉಳಿದಿದೆ ಎಂದು ಎಚ್ಚರಿಸುವ ಗಂಟೆಯ ಹೊತ್ತಾಯಿತು. ಕಿಟಕಿಯಲ್ಲಿ ಸರ್ ಮುಖ ಕಂಡಿತು. "ಯಶೋಧಾ, ಟೈಮ್ ಆತು. ಗಂಟಿ ಬಾರಸಾವ್ರು ಯಾರೂ ಇಲ್ಲ, ಏಳು."

ನಾನು ಎದ್ದೆ. ಬುದ್ಧಿ ಬೇಡ ಎನ್ನುವುದರೊಳಗೆ ಕಾಲು ಎದ್ದಿದ್ದವು. ಹೋಗಿ ಬಾರಿಸಿ ಬಂದೆ. ಬಾಗಿಲಲ್ಲಿ ಮೇಲ್ವಿಚಾರಕಿ ಶರ್ವರಿ ಮೇಡಂ ನಿಂತಿದ್ದರು. "ಯಶೋಧಕ್ಕಾ, ಹೊರಗ ಹೋದವ್ರನ್ನ ಮತ್ತ ಒಳಗ ಬಿಡಾಕ ಬರೂದಿಲ್ರಿ. ನಿಯಮ ಐತಿ." ತಪ್ಪು ಅವರದಲ್ಲ. ಆ ನಿಯಮದ ಕಾಗದವನ್ನು ಅದೇ ಬಾಗಿಲಿಗೆ ಬೆಳಿಗ್ಗೆ ಅಂಟು ಹಚ್ಚಿ ಅಂಟಿಸಿದವಳು ನಾನೇ! ಅರ್ಧ ತಾಸು ಹೊರಗೆ ನಿಂತೆ. ಎರಡು ದೊಡ್ಡ ಪ್ರಶ್ನೆ ಉಳಿದಿದ್ದವು, ಎರಡೂ ಬರುತ್ತಿದ್ದವು. ಆಮೇಲೆ ಕೊನೆಯ ಗಂಟೆಯನ್ನೂ ನಾನೇ ಬಾರಿಸಿದೆ. ನಾಲ್ಕು ಅಂಕದಿಂದ ನಪಾಸಾದೆ. ಅವತ್ತು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅತ್ತೆ. ನಗುವ ವಿಷಯವಲ್ಲ ಅದು, ಆದರೂ ನೀವು ನಗುತ್ತಿದ್ದೀರಿ, ನಗಿ. ಸರ್ ಸಮಾಧಾನ ಹೇಳಿದರು: "ಮುಂದಿನ ವರ್ಷ ಬರದ್ರಾತು. ಡಿಗ್ರಿ ಎಲ್ಲಿ ಓಡಿ ಹೋಗತೈತಿ?"

ಈ ವರ್ಷ ಅರ್ಜುನ ನನ್ನ ಕೈಮೇಲೆ ಕೈಯಿಟ್ಟು ಹೇಳಿದ: "ಅಕ್ಕಾ, ಛತ್ತ ಕಳಚಿ ಬಿದ್ರೂ ಏಳಬ್ಯಾಡ್ರಿ." ಏಳಲಿಲ್ಲ. ಪ್ರಥಮ ದರ್ಜೆ ಬಂತು.

ಈಗ ನೀವು ಕೇಳಬಹುದು, ಇಷ್ಟೆಲ್ಲ ಯಾಕೆ? ಶಾಲಿಗಾಗಿಯೇ? ನಮ್ಮ ಕಚೇರಿಯ ಗುಮಾಸ್ತರು ನಿವೃತ್ತರಾದರು. ಪದವಿ ಪಡೆದ ಸಿಬ್ಬಂದಿ ಒಳಗೇ ಇದ್ದರೆ ಅವರಿಗೇ ಆ ಕೆಲಸ ಕೊಡುವುದೆಂದು ಆಡಳಿತ ಮಂಡಳಿ ಠರಾವು ಮಾಡಿದೆ. ಅರ್ಜಿಯ ಮೇಲೆ ಪ್ರಾಚಾರ್ಯರ ಶಿಫಾರಸು ಬೇಕು. ನಾನು ಅರ್ಜಿ ಕೊಟ್ಟು ಆರು ವಾರವಾಯಿತು. ಅದು ಸರ್ ಮೇಜಿನ ಮೇಲೆ ಎಡಗಡೆ, ಗಾಜಿನ ಪೇಪರ್‌ವೇಟಿನ ಕೆಳಗಿದೆ. ನನಗೆ ಹೇಗೆ ಗೊತ್ತು? ದಿನಾ ಬೆಳಿಗ್ಗೆ ಅದನ್ನು ಎತ್ತಿ, ಧೂಳು ಒರೆಸಿ, ಇದ್ದಲ್ಲೇ ಇಡುತ್ತೇನೆ.

ಎರಡು ಸಲ ಕೇಳಿದೆ. ಮೊದಲ ಸಲ "ನೋಡೋಣು" ಎಂದರು. ಎರಡನೆಯ ಸಲ ನಕ್ಕು ಹೇಳಿದರು: "ನೀ ಕ್ಲಾರ್ಕ್ ಆದ್ರ ಗಂಟಿ ಯಾರ ಬಾರಸ್ತಾರ?" ಅದಕ್ಕೆ ಉತ್ತರ ಪಠ್ಯಪುಸ್ತಕದಲ್ಲಿರಲಿಲ್ಲ. ಈ ಸಭೆಯಲ್ಲಿ ಹೇಳುತ್ತೇನೆ: ಯಾರಾದರೂ ಬಾರಿಸಲಿ ಸರ್. ನಾನು ಸಾಕಷ್ಟು ಬಾರಿಸಿದ್ದೇನೆ.

ಅರ್ಜಿ ಆಡಳಿತ ಮಂಡಳಿಗೆ ಮುಟ್ಟಲು ಕೊನೆಯ ದಿನ ಇವತ್ತು, ಐದು ಗಂಟೆ. ಈಗ ನಾಲ್ಕೂಕಾಲು. ನನ್ನ ಕೈಯಲ್ಲಿರುವ ಈ ಫೈಲಿನಲ್ಲಿ ಭಾಷಣ ಇದೆಯೆಂದು ನೀವು ತಿಳಿದಿದ್ದರೆ ಅದು ತಪ್ಪು. ಭಾಷಣ ಬಾಯಲ್ಲಿದೆ, ಫೈಲಿನಲ್ಲಿ ಅರ್ಜಿ ಇದೆ. ಇವತ್ತು ಧೂಳು ಒರೆಸಿದ ಮೇಲೆ ಇದ್ದಲ್ಲಿ ಇಡಲಿಲ್ಲ.

ಸರ್, ನೀವು ಏಳಬೇಡಿ. ಫೈಲು ತರುವುದು ನನ್ನ ಕೆಲಸ, ತಂದಿದ್ದೇನೆ. ಇಲ್ಲಿ, 'ಶಿಫಾರಸು ಮಾಡಲಾಗಿದೆ' ಎಂಬುದರ ಕೆಳಗೆ. ಪೆನ್ನು ನಿಮ್ಮ ಕಿಸೆಯಲ್ಲೇ ಇದೆ. ಅವಸರವಿಲ್ಲ, ಸಭಿಕರು ಕಾಯುತ್ತಾರೆ. ಅಧ್ಯಕ್ಷರೂ ನೋಡುತ್ತಿದ್ದಾರೆ.

ಆಯಿತು. ತಾರೀಕೂ ಹಾಕಿ ಸರ್. ಇವತ್ತಿನದು.

ಅಧ್ಯಕ್ಷರೇ, ಇದು ನಿಮಗೆ ಸೇರಬೇಕಾದ ಅರ್ಜಿ, ತೆಗೆದುಕೊಳ್ಳಿ. ನಕಲು ಪ್ರತಿಯ ಮೇಲೆ ಮುಟ್ಟಿದೆಯೆಂದು ಒಂದು ಸಹಿ ಹಾಕಿಬಿಡಿ. ಇಪ್ಪತ್ತೇಳು ವರ್ಷ ಈ ಕಾಲೇಜಿನ ಟಪಾಲು ಮುಟ್ಟಿಸಿದವಳು ನಾನು. ಸಹಿ ಇಲ್ಲದೆ ಯಾರ ಕೈಗೂ ಕಾಗದ ಬಿಟ್ಟವಳಲ್ಲ.

ಬಂತು. ಸಹಿ ಮಾಡಿದ ಇಬ್ಬರಿಗೂ, ಸಾಕ್ಷಿಯಾದ ನಿಮಗೆಲ್ಲರಿಗೂ ಧನ್ಯವಾದಗಳು. ನಮಸ್ಕಾರ.