ಇಂಪಾದ ಸ್ವಿಚ್ಚು

ಬಂಗಾರಪೇಟೆ ಬಸ್ ನಿಲ್ದಾಣದಲ್ಲಿ ಕೋಲಾರದ ಬಸ್ಸಿಗೆ ಕಾಯುತ್ತಿದ್ದ ಮಂಗಮ್ಮನ ಕಿವಿಗೆ ಪಕ್ಕದಲ್ಲಿದ್ದ ಗಂಡ ಹೆಂಡತಿಯ ಮಾತು ಬಿತ್ತು. ಗಂಡ ಬಹುಮಾನ ಗೆದ್ದವನಂತೆ ಪೊಟ್ಟಣ ಬಿಚ್ಚಿದ್ದ.

“ಸ್ವಿಚ್ಚು ತಂದೆ ಅಂತ ಫೋನ್ ಮಾಡಿದ್ರಲ್ಲ, ಇದೇನ್ರೀ ಪುಟಾಣಿ ಗುಂಡಿಗಳು?”

“ಕೀಬೋರ್ಡ್ ಸ್ವಿಚ್ಚು ಕಣೇ ಅಂಬಿಕ. ಒಂದೊಂದು ಅಕ್ಷರದ ಕೆಳಗೂ ಒಂದೊಂದು. ಟೈಪ್ ಮಾಡಿದ್ರೆ ಟಕಟಕ ಅನ್ನಲ್ಲ, ಮೆತ್ತಗೆ ಸದ್ದು ಬತ್ತದೆ.”

“ನಾನು ಯೋಳಿದ್ದು ಬಚ್ಚಲಮನೆ ಸ್ವಿಚ್ಚು! ಶಾಕ್ ಒಡೀತದೆ ಅಂತ ನಿಮ್ಮಮ್ಮ ದಿನಾ ಲಟ್ಟಣಿಗೇಲಿ ಒತ್ತಿ ಲೈಟ್ ಆಕ್ತಾವ್ರೆ.”

“ಅಂಗಡೀಲಿ ಎಲ್ಲಾ ತರಾನೂ ಒತ್ತಿ ನೋಡ್ದೆ ಕಣೇ. ಇದೇ ಕೇಳಕ್ಕೆ ಇಂಪು.”

ಗಂಡ ಹೆಂಡತಿ ಹೋಗಬೇಕಿದ್ದ ಕ್ಯಾಸಂಬಳ್ಳಿ ಬಸ್ಸು ಬಂತು. ಹತ್ತುತ್ತಲೇ ಅಂಬಿಕ ತಿರುಗಿದಳು.

“ನಡೀರಿ. ಬಚ್ಚಲಮನೇದನ್ನೂ ಬರಿಗೈಲಿ ಒತ್ತಿ ನೋಡಿ. ನಿಮ್ಮ ಬಾಯಿಂದ ಎಂಥ ಇಂಪಾದ ಸದ್ದು ಬತ್ತದೋ, ನಾನೂ ಕೇಳ್ತೀನಿ!”