ಉಂಡು ಎದ್ದೋರು

…ಅಯ್ಯೋ, ಆ ಕಡೆ ಬ್ಯಾಡ ಗೋವಿಂದಿ, ಇಲ್ಲಿ ಬಾ! ಈ ಮರದ ಪಾರ್ಟಿಷನ್ನಿಗೆ ಒರಗಿ ಕುಂತ್ಕೊ. ಕಿಟಕಿ ಪಕ್ಕ ಯಾಕಮ್ಮಿ? ಬೀದೀಲಿ ಓಗೋರೆಲ್ಲ ನಮ್ಮ ಬಾಯನ್ನೇ ನೋಡ್ತಾರೆ. ಮೂಲೆ ಟೇಬಲ್ಲೇ ಬೇಕು ಅಂತ ನಾನು ಬೆಳಿಗ್ಗೇನೇ ಫೋನ್ ಮಾಡಿ ಯೋಳಿದ್ದೆ. ಊಂ, ಫೋನ್ ಮಾಡಿ! ಕೊಳ್ಳೇಗಾಲದಲ್ಲೂ ಇಂಥ ಓಟ್ಲು ಆಗದೆ ಅಂದ್ರೆ ನಂಬ್ತಿಯಾ? ಒಳಗ್ ಬಂದ್ರೆ ಮಾಗಿ ಚಳಿ…

ಆ ಬಟ್ಟೆ ಮುಖ ಒರ್ಸಕಲ್ಲ ಕಣೆ, ತೊಡೆ ಮ್ಯಾಲೆ ಆಕ್ಕಬೇಕು. ಯಾಕ್ ನಗ್ತಿಯ? ನಂಗೂ ಗೊತ್ತಿರ್ನಿಲ್ಲ, ನನ್ ಮಗ್ಳು ಕೋಮಲ ಯೋಳ್ಕೊಟ್ಳು. ಊಂ, ಚೆನ್ನಾಗವ್ಳೆ. ಮನೇಲೇ ಅವ್ಳೆ, ರವಿಕೆ ಒಲೀತಾಳೆ. ಅವ್ಳ್ ಸುದ್ದಿ ಆಮೇಲ್ ಆಡವ. ಮೊದ್ಲು ತಿನ್ನು. ಇವತ್ತು ಸೋಮ್ವಾರ, ಮಾದಪ್ಪನ ವಾರ, ಅದ್ಕೇ ಕೋಳಿ ಗೀಳಿ ಯೋಳ್ನಿಲ್ಲ. ಪನ್ನೀರು, ಮಶ್ರೂಮು, ಬೆಣ್ಣೆ ನಾನ್ ರೊಟ್ಟಿ, ಎಲ್ಲಾ ಬತ್ತದೆ. ಏನ್ ಬೇಕೋ ಕೇಳಿ ಆಕಿಸ್ಕೊ. ನಾನ್ ಕರ್ದಿರೋದು, ನೀನು ಸುಮ್ಕೆ ಉಣ್ಣು.

ಯಾಕೆ ಅಂದ್ರೆ? ಚೆನ್ನಾಗ್ ಕೇಳ್ದೆ ಬುಡು! ನಿನ್ ಮಗ ಮಾದೇವಸ್ವಾಮಿಗೆ ಯಳಂದೂರಲ್ಲಿ ಎಣ್ಣು ಗೊತ್ತಾಗದೆ, ಬರೋ ವಾರ ವೀಳ್ಯಶಾಸ್ತ್ರ ಅದೆ. ಸತ್ತೇಗಾಲದಲ್ಲಿ ಒಂದೇ ಬೀದೀಲಿ ಲಂಗ ಆಕ್ಕಂಡು ತಿರುಗ್ದೋರು ನಾವು. ಒಂದೇ ವರ್ಷ ಮಧುವನಳ್ಳಿಗೆ ಸೊಸೇರಾಗಿ ಬಂದ್ವಿ. ಈ ರತ್ನ ಊಟ ಆಕಿಸ್ದೆ ಇನ್ಯಾರು ಆಕಿಸ್ತಾರೆ?

ಕ್ವಾಪನಾ? ನಂಗಾ? …ಇತ್ತು ಕಣೆ. ಸುಳ್ಳ್ಯಾಕ್ ಯೋಳ್ಲಿ. ಸಪ್ಲೈಯರ್ ಓಗ್ಲಿ ತಡಿ. …ಓದ. ಈಗ ನೀನೇ ಯೋಳು. ನಮ್ ಕಡೆ ಎಣ್ಣು ನೋಡಕ್ ಬಂದೋರು ಮನಸ್ ಬರ್ನಿಲ್ಲ ಅಂದ್ರೆ ಏನ್ ಮಾಡ್ತಾರೆ? ಉಪ್ಪಿಟ್ ತಿಂದು, ಕಾಪಿ ಕುಡ್ದು, "ಯೋಳ್ಕಳಿಸ್ತೀವಿ" ಅಂತ ಎದ್ದೋಯ್ತಾರೆ. ಅದ್ರಲ್ಲಿ ಯಾರ್ಗೂ ಅವ್ಮಾನ ಇಲ್ಲ. ಎಲೆ ಮುಂದೆ ಕುಂತು ಅನ್ನಕ್ಕೆ ಕೈ ಆಕಿದ್ರು ಅಂದ್ರೆ ಮುಗೀತು, ಅದೇ ಒಪ್ಗೆ. ಅಲ್ವಾ? ಗೊತ್ತಿಲ್ದಂಗೆ ತಲೆ ಕೆರ್ಕೋಬ್ಯಾಡ. ನೀನು, ನಿನ್ ಗಂಡ, ನಿನ್ ಮಗ, ನಿಮ್ಮತ್ತೆ, ಎಲ್ರೂ ನನ್ ಮಗ್ಳ್ನ ನೋಡಕ್ ಬಂದು ನಮ್ಮನೆ ಪಡಸಾಲೇಲಿ ಸಾಲಾಗ್ ಕುಂತು ಉಂಡ್ರಿ. ಒಬ್ಬಟ್ಟಿಗೆ ತುಪ್ಪ ಸಾಲ್ದು ಅಂತ ನೀನು ಕೇಳಿ ಆಕಿಸ್ಕಂಡೆ! ನಮ್ ಕೋಮಲನೇ ಆಕಿದ್ಲು. ಬೀದಿ ಜನಾನೆಲ್ಲ ಕರ್ದು ನಾನು ಸಕ್ರೆ ಕೊಟ್ಟೆ.

ಆಮೇಲೆ? ಸಂಬಂಧದ ಮಾತಾಡಿದ್ದ ಚೆನ್ನಯ್ಯನ್ ಕೈಲಿ ಯೋಳ್ಕಳಿಸ್ದೆ, ಜಾತ್ಕ ಕೂಡ್ನಿಲ್ಲ ಅಂತ. ಜಾತ್ಕ ನೋಡ್ದಲೇ ಉಂಡಿದ್ದಾ ಗೋವಿಂದಿ? ಆಗ ಒಟ್ಟೆ ಉರೀತು ಕಣೆ. ಅಜ್ಜೀಪುರದೋರು ಕೇಳ್ಕಂಡು ಬಂದ್ರು, ಊರ್ ಬಾಗ್ಲಲ್ಲೇ ಯಾರೋ ಅಂದ್ರಂತೆ, "ಅದು ಉಂಡೆದ್ದ ಎಲೆ" ಅಂತ. ಅಂಗೇ ತಿರುಕ್ಕಂಡ್ ಓದ್ರು. ಅನೂರೋರೂ ಅಷ್ಟೇ. ನನ್ ಮಗ್ಳು ಎಲೆ ಆದ್ಲು!

ಅಳ್ತಿಲ್ಲ ಬುಡು, ಖಾರ ನೆತ್ತಿಗೇರ್ತು. ನೀರ್ ಕೊಡು.

ಆಗೋಗಿದ್ದು ಆಗೋಯ್ತು. ನಿನ್ ಮಗಂಗೂ ಒಳ್ಳೇದಾಗ್ಲಿ. ಆದ್ರೆ ಒಂದ್ ಕೇಳ್ತೀನಿ, ಮುಚ್ಚುಮರೆ ಮಾಡ್ದೆ ಯೋಳು. ಜಾತ್ಕ ಸುಳ್ಳು ತಾನೆ? ನಕ್ಯಾ! ನಂಗೊತ್ತು, ಸಣ್ಣೋಳಿದ್ದಾಗ್ಲಿಂದ ನಿನ್ ಒಟ್ಟೇಲಿ ಒಂದ್ ಮಾತು ನಿಂತಿಲ್ಲ. ಯೋಳಮ್ಮಿ, ನನ್ ಮನಸ್ಸಾದ್ರೂ ತಣ್ಗಾಗ್ಲಿ. ಪಿಸಪಿಸ ಅನ್ಬ್ಯಾಡ, ಈ ಏಸಿ ಗುಂಯ್ ಅಂತದೆ, ನನ್ ಒಂದು ಕಿವಿ ಬ್ಯಾರೆ ಮಂದ. ಜೋರಾಗ್ ಯೋಳು, ಇಲ್ಯಾರವ್ರೆ ಕೇಳಕೆ?

ಏನು? …ಆ ಎಣ್ಣು ಒಬ್ಳೇ ಮಗ್ಳು ಅಂತಲಾ? ಓ, ಯಳಂದೂರೋರ್ ಸುದ್ದಿ ನಮ್ಮನೇಲಿ ಉಂಡ ಮಾರ್ನೇ ದಿನ ಬಂತಾ! ನಾಲೆ ಪಕ್ಕದ್ ಗದ್ದೆ… ತೆಂಗಿನ್ ತ್ವಾಟ… ಎಲ್ಲಾ ಅಳಿಯಂಗೇನಾ? ಅದೆಂಗೆ, ಅವ್ರಪ್ಪ ಶಿವನಂಜಯ್ಯ ಗಟ್ಟಿಯಾಗವ್ರಲ್ಲ? …ಏನಂದೆ? ಇಲ್ವಾ? ಎದೆ ಸರಿ ಇಲ್ಲ, ಕೆಮ್ಮು, ಮೈಸೂರಾಸ್ಪತ್ರೆಗೆ ತಿರುಗ್ತಾವ್ರಾ? ಮುದ್ಕ ಇನ್ನೆಷ್ಟ್ ದಿನ, ಕಣ್ಮುಚ್ಚಿದ್ರೆ ಗದ್ದೆ ನಮ್ದೇ… ಅಯ್ಯಯ್ಯೋ! ಇನ್ನೊಂದ್ಸಲ ಯೋಳು, ನಗು ಬತ್ತದೆ! "ಕಣ್ಮುಚ್ಚಿದ್ರೆ ಗದ್ದೆ ನಮ್ದೇ!" ಎಂಥ ಬುದ್ಧಿ ಕಣೆ ನಿಂದು! ಎಣ್ಣು ಎಂಗವ್ಳೆ ಮತ್ತೆ? …ಸುಮಾರಾ? ಎಣ್ಣಿನ್ ಮುಖ ಯಾಕ್ ನೋಡ್ಬೇಕು, ಗದ್ದೆ ಮುಖ ನೋಡಿದ್ರೆ ಸಾಕು ಅಂದ್ಯಾ! ಅವ್ರಮ್ಮ ಪದ್ಮಿನಿ? ಅವ್ಳ್ನ ಮೂಲೇಲಿ ಕೂರಿಸ್ತಿಯ? ಸರಿ, ಸರಿ…

ಇನ್ನೊಂದ್ ನಾನ್ ರೊಟ್ಟಿ ಆಕಿಸ್ಲಾ?

ಯಾಕೆ? ಏನಾಯ್ತು? ಕೈಯಲ್ಲಿರೋ ತುತ್ತು ಅಂಗೇ ಇಟ್ಕಂಡ್ಯಲ್ಲ. ಯಾರೋ ಕೆಮ್ಮಿದ್ರು, ಅಷ್ಟೇ. ಓಟ್ಲು ಅಂದ್ಮೇಲೆ ಜನ ಬರಲ್ವಾ, ಕೆಮ್ಮಲ್ವಾ? ತಿನ್ನು. ಪಾರ್ಟಿಷನ್ ಕಡೆ ಏನ್ ನೋಡ್ತಿಯ, ಬರೀ ಹಲಗೆ… ಗೋವಿಂದಿ. ಆ ಕೆಮ್ಮು ಗುರುತು ಸಿಕ್ತಾ? ಅಂಗೆ ನೋಡ್ಬ್ಯಾಡ ನನ್ನ.

…ಊಂ. ಅವ್ರೇ.

ಇಬ್ರೂ ಬಂದವ್ರೆ. ಪದ್ಮಿನಮ್ಮ, ಅವ್ರ್ ಯಜಮಾನ್ರು. ನೀನು ಬರೋಕ್ ಮುಂಚೇನೇ ಕುಂತವ್ರೆ. ನೀನು ಯಾರ್ ಕಣ್ಮುಚ್ಚೋದ್ನ ಕಾಯ್ತಿದ್ಯೋ, ಅವ್ರ್ ಕಿವಿ ನಿನ್ ಬೆನ್ನಿಂದೆ ಇತ್ತು. ಯಳಂದೂರಿಗ್ ಓಗಿ ನಾನೇ ಯೋಳ್ದೆ ಕಣೆ, ಈ ಜನ ಒಂದ್ ಮನೇಲಿ ಉಂಡು ಬಾಯಿ ಒರಸ್ಕಂಡ್ ಎದ್ದೋರು ಅಂತ. ಆ ತಾಯಿ ನಂಬ್ನಿಲ್ಲ. "ಒಟ್ಟೆಕಿಚ್ಚಿಗೆ ಯೋಳ್ತೀರಿ ಅಕ್ಕಾ" ಅಂದ್ರು. ಒಟ್ಟೆಕಿಚ್ಚೇ, ಇಲ್ಲ ಅನ್ನಲ್ಲ! "ಅಂಗಾದ್ರೆ ಅವ್ಳ್ ಬಾಯಲ್ಲೇ ಕೇಳಿ, ಬನ್ನಿ" ಅಂದೆ. ಗದ್ದೆ ಮಾತು ಬತ್ತದೆ ಅಂತ ಗೊತ್ತಿತ್ತು. ಸಾಯೋ ಮಾತೂ ಆಡ್ತಿಯ ಅಂತ, ಮಾದಪ್ಪನಾಣೆ, ನಾನೂ ಅಂದ್ಕಂಡಿರ್ನಿಲ್ಲ.

ಎದ್ರು. ಕುರ್ಚಿ ಸದ್ದು ಕೇಳ್ತಾ? ತಡಿ, ಓಗ್ಬ್ಯಾಡ, ಕಾಲಿಗ್ ಬಿದ್ರೂ ಅವ್ರೀಗ ನಿಂತ್ಕಳಲ್ಲ. …ನೋಡು, ಆ ಮನುಷ್ಯ ಎಂಡ್ತಿ ಭುಜ ಇಡ್ಕಂಡ್ ನಡೀತಾವ್ರೆ. ತಿರುಗೂ ನೋಡ್ನಿಲ್ಲ. …ಓದ್ರು.

ಸೆರ್ಗು ಬಾಯಿಗೆ ಅಡ್ಡ ಇಟ್ಕಂಡು ಅಳು, ಬ್ಯಾಡ ಅನ್ನಲ್ಲ. ಬಯ್ಯಿ ಬೇಕಾದ್ರೆ. ಬಯ್ಯೇ, ರಂಡೆ ಅನ್ನು, ಮನೆಹಾಳಿ ಅನ್ನು! …ನಿನ್ ಕಣ್ಣಲ್ಲಿ ನೀರ್ ನೋಡಿದ್ರೆ ನನ್ ಕರುಳು ಚುರುಕ್ ಅಂತದೆ ಅಂತ ಎದುರ್ಕಂಡಿದ್ದೆ. ಎಷ್ಟಾದ್ರೂ ಒಂದೇ ತಟ್ಟೇಲಿ ಉಂಡು ಬೆಳ್ದೋರು. ಚುರುಕ್ ಅಂತಿಲ್ಲ ಗೋವಿಂದಿ. ನಾನೇನ್ ಮಾಡ್ಲಿ? ತಂಪಾಯ್ತಾ ಅದೆ. ಕೋಮಲಂಗೆ ಗೊತ್ತಿಲ್ಲ. ಗೊತ್ತಾದ್ರೆ ನನ್ನೇ ಬಯ್ತಾಳೆ, ಅವ್ಳು ಅವ್ರಪ್ಪನಂಗೆ. ಬಯ್ಲಿ. ಇದು ಅವ್ಳಿಗೋಸ್ಕರ ಅಂತ ಇಷ್ಟ್ ದಿನ ಅಂದ್ಕತಿದ್ದೆ, ಅಲ್ಲ. ನಂಗೋಸ್ಕರ.

ಏಳ್ಬ್ಯಾಡ, ಕುಂತ್ಕೊ. ಇಷ್ಟ್ ಬ್ಯಾಗ ಮನೆಗ್ ಓಗಿ ಏನ್ ಮಾಡ್ತಿಯ? ಸಾಯಂಕಾಲ ಡೈರಿಗೆ ಆಲು ಆಕಕ್ ಓಗ್ಬೇಕಲ್ಲ, ಅಲ್ಲಿ ಕೇಳ್ತಾರೆ. ಬೆಳಿಗ್ಗೆ ನಲ್ಲಿ ತಾವ ಕೇಳ್ತಾರೆ. ಅಂಗ್ಡಿ ತಾವ, ಬಸ್ಸಲ್ಲಿ, ಸತ್ತೋರ್ ಮನೇಲಿ ಬುಡದೆ ಕೇಳ್ತಾರೆ. ನನ್ ಮಗ್ಳು ಬಿಂದ್ಗೆ ಸೊಂಟದ್ ಮ್ಯಾಲ್ ಇಟ್ಕಂಡು ಕೇಳ್ದೋರ್ಗೆಲ್ಲ ಜವಾಬು ಕೊಟ್ಲು ಕಣೆ, ತಲೆ ಬಗ್ಗುಸ್ಕಂಡು, "ನಂಗೊತ್ತಿಲ್ಲ ಅಕ್ಕಾ, ಅವ್ರೇ ಬ್ಯಾಡ ಅಂದ್ರಂತೆ" ಅಂತ. ಮನೆಗ್ ಬರೋ ಒತ್ಗೆ ಅರ್ಧ ನೀರು ಚೆಲ್ಲೋಗಿರದು. ನೀನೂ ಜವಾಬು ಕೊಡ್ಬೇಕಲ್ಲಮ್ಮಿ ಇನ್ಮೇಲೆ. ಈಗ್ಲೇ ರೂಢಿ ಮಾಡ್ಕೊ, ಮೊದ್ಲು ನಾನೇ ಕೇಳ್ತೀನಿ.

ಏನ್ ಗೋವಿಂದಮ್ಮ… ನಿನ್ ಮಗನ್ ಮದ್ವೆ ಯಾಕಮ್ಮ ನಿಂತೋಯ್ತು?